ಎಲ್ಮ್‌ಫೋರ್ಡಿನ ಪಾಠ, ಪಾಟೀಲರ ಪಡಸಾಲೆ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮಾಸ್ತರರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಗೋಡೆಗೆ ಒರಗುತ್ತಾರೆ, ಆಮೇಲೆ ಕೇಳುತ್ತಾರೆ: "ಅಪ್ಪಾವ್ರ, ಭೂಗೋಳ ಕಲಿಸೂದು ಹ್ಯಾಂಗ್ರಿ?" ನಾನು ತಿರುಗಿ ಕೇಳುವುದು ಇಷ್ಟೇ: "ನಿಮ್ಮ ಸಾಲಿ ಯಾರ ಮನ್ಯಾಗ ನಡೀತೈತಿ?" ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈಗಿನ ಸಾಲೆಗಳಿಗೆ ಸ್ವಂತ ಗೋಡೆ ಉಂಟು, ಸ್ವಂತ ಹಂಚು ಉಂಟು. ನಮ್ಮ ಕಾಲದಲ್ಲಿ ಸಾಲೆ ಎಂದರೆ ಗುಡಿಯ ಕಟ್ಟೆ, ಇಲ್ಲವೆ ಯಾರದೋ ಮನೆಯ ಪಡಸಾಲೆ. ಆ ಮನೆಯ ಯಜಮಾನ ಬೆಳಗ್ಗೆ ಎದ್ದಾಗ ಮುಖ ಹೇಗಿತ್ತೋ, ಅಂದಿನ ಪಾಠವೂ ಹಾಗೆಯೇ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಂದ ಯಾವ ಊರಿಗೆ ಬದಲಿಯಾಯಿತು ಎಂಬ ಪುರಾಣ ಬೇಡ. ಅದನ್ನು ಕೇಳಲು ನನ್ನ ಹೆಂಡತಿಯೇ ತಯಾರಿಲ್ಲ. ಕೆಲಸ ನಿಜವಾಗಿ ಹೇಗಿರುತ್ತಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ಇಪ್ಪತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ತರಬೇತಿ ಮುಗಿಸಿದೆ. ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಉಣ್ಣುವುದು. ಅಲ್ಲಿಂದ ನನ್ನನ್ನು ಅಕ್ಕಲಕೋಟ ಸಂಸ್ಥಾನದ ಒಂದು ಹಳ್ಳಿಗೆ ಹಾಕಿದರು. ಊರಿನ ಹೆಸರು ಬೇಡ, ಈ ಕಥೆಯವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಬಸ್ಸಿನಲ್ಲಿ ಭೇಟಿಯಾಗುತ್ತಾರೆ. ಊರು ಸಂಸ್ಥಾನದ್ದು, ಹೊಲದ ಬಾಂದ ದಾಟಿದರೆ ಇಂಗ್ರೇಜಿ ಹದ್ದು. ನಮ್ಮೂರಿನ ಎಮ್ಮೆಗಳು ದಿನಾಲು ಎರಡು ರಾಜ್ಯಗಳಲ್ಲಿ ಮೇಯ್ದು ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಿದ್ದವು.

ಆಗ ಭೂಗೋಳ ಎಂದರೆ ಹಾಡು. "ಭೀಮಾ, ಸೀನಾ, ಬೋರಿ, ಹರಣಾ" ಎಂದು ಹುಡುಗರು ಭಜನೆಯ ಧಾಟಿಯಲ್ಲಿ ಹೇಳುತ್ತಿದ್ದರು. ತಾಳ ಒಂದು ಕಮ್ಮಿ, ಅಷ್ಟೇ. ಹಾಡಿನಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗ ಒಂದು ದಿನ ಬೋರಿ ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದ. "ಇದು ಯಾವ ಹೊಳಿಲೇ?" ಎಂದೆ. "ಇದು ಹೊಳಿ ಅಲ್ರಿ, ನಮ್ಮ ಎಮ್ಮಿ ಬೀಳೂ ಜಾಗಾರಿ" ಎಂದ. ಅಂದೇ ನನಗೆ ಆ ಹಾಡಿನ ಮೇಲಿನ ಭಕ್ತಿ ಹೋಯಿತು.

ಅಷ್ಟರಲ್ಲಿ ಹೊಸ ಪದ್ಧತಿ ಬಂತು. ಮೇಲಿನವರಿಗೆ ಯಾರೋ ಹೇಳಿದ್ದರು, ಮಕ್ಕಳಿಗೆ ಮೊದಲು ತಮ್ಮ ಊರು ತಿಳಿಯಬೇಕು, ಆಮೇಲೆ ದೇಶ, ಆಮೇಲೆ ಜಗತ್ತು. ಒಳ್ಳೆಯ ಮಾತೇ. ಆದರೆ ತಮ್ಮ ಊರನ್ನು ತಿಳಿಯುವುದು ಹೇಗೆ ಎಂದು ತೋರಿಸಲು ಪುಸ್ತಕದಲ್ಲಿ ಹಾಕಿದ್ದು ವಿಲಾಯತಿಯ ಊರು! ಎಲ್ಮ್‌ಫೋರ್ಡ್ ಎಂಬ ಪುಟ್ಟ ಇಂಗ್ಲಿಷ್ ಹಳ್ಳಿಯ ಭೂಗೋಳ, ಅದರ ಇತಿಹಾಸ, ಅದರದೊಂದು ನಕಾಶೆ. ಅದನ್ನು ಓದಿಸಿ, ಅದೇ ಮಾದರಿಯಲ್ಲಿ ನಮ್ಮ ಊರಿನದನ್ನು ಮಕ್ಕಳ ಕೈಯಿಂದ ಮಾಡಿಸಬೇಕು.

ಪಾಠ ಚಂದವೇ ಇತ್ತು. ಊರ ನಡುವೆ ಹಸಿರು ಬಯಲು, ಬಯಲಿನ ಮೂಲೆಗೆ ಬಾತುಗಳ ಹೊಂಡ. ಕಲ್ಲಿನ ಚರ್ಚು, ಚರ್ಚಿನ ಸುತ್ತ ಗೋರಿಗಳು. ಸಣ್ಣದೊಂದು ಹಳ್ಳ, ಆ ಹಳ್ಳದ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ದಿನ್ನೆಯ ಮೇಲೆ ಜಮೀನ್ದಾರನ ಬಂಗಲೆ. ಇತಿಹಾಸದಲ್ಲಿ ರೋಮದವರು ಹಾಕಿದ ರಸ್ತೆ, ಸಮುದ್ರದ ಆಚೆಯಿಂದ ಬಂದು ಊರು ಸುಟ್ಟವರು, ಸುಟ್ಟ ಊರನ್ನು ಬಿಟ್ಟು ಹಳ್ಳದ ಈಚೆ ದಂಡೆಗೆ ಮತ್ತೆ ಮನೆ ಕಟ್ಟಿದವರು.

ನಮ್ಮ ಮಕ್ಕಳು ಬಾಯಿ ತೆರೆದು ಕೇಳಿದರು. ಆಮೇಲೆ ಶುರುವಾಯಿತು. "ಊರ ನಡುವ ಅಷ್ಟ ದೊಡ್ಡ ಬಯಲ ಬಿಟ್ಟಾರಲ್ರಿ, ಯಾರೂ ಬಾಂದ ಸರಸಿಲ್ಲೇನ್ರಿ?" "ಗಿರಣಿ ಐತಂದ್ರ ಭೋಂಗಾ ಎಷ್ಟಕ್ಕ ಹೊಡೀತಾರ್ರಿ?" "ಬಾತಿಗೆ ಯಾರ ಕಾಳ ಹಾಕ್ತಾರ್ರಿ, ಊರವ್ರೋ, ಸರಕಾರೋ?" ಎಲ್ಮ್‌ಫೋರ್ಡ್ ಎಂಬ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಮಕ್ಕಳ ಬಾಯಿಂದ ಮನೆಗೆ ಹೋಗುವಷ್ಟರಲ್ಲಿ ಅದು ಯಲ್ಲಮ್ಮನಪುರ ಆಗಿತ್ತು. ಒಂದು ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ನನ್ನನ್ನು ತರುಬಿದಳು.

"ಮಾಸ್ತರ, ಯಲ್ಲಮ್ಮನಪುರದಾಗ ಈ ವರ್ಷ ಮಳಿ ಹ್ಯಾಂಗೈತಿ?"

"ಅಲ್ಲಿ ದಿನಾ ಮಳಿ ಬೇ, ಆಯಿ."

"ದಿನಾ ಮಳಿ! ಹಂಗಂದ್ರ ಜ್ವಾಳ ಚಲೋ ಬಂದಿರಬೇಕು. ನಮ್ಮ ಮೊಮ್ಮಗಳನ್ನ ಕೊಡಾಕ ಆ ಊರಾಗ ಒಂದ ಮನಿ ನೋಡಪಾ."

ಪಾಠದಲ್ಲಿ ಹಿಮದ ಮಾತೂ ಇತ್ತು. ಅದನ್ನು ತೋರಿಸುವುದು ಹೇಗೆ? ಮನೆಯಿಂದ ಹಿಂಜಿದ ಹತ್ತಿ ತಂದು ಮಕ್ಕಳ ತಲೆಯ ಮೇಲೆ ಉದುರಿಸಿದೆ. "ಹಿಂಗ ಬೀಳತೈತಿ ನೋಡ್ರಿ, ಮನಿ ಮ್ಯಾಲ, ಗಿಡದ ಮ್ಯಾಲ." ನನಗೇ ನನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿತು. ಪ್ರೀತಿ ಆರುವ ಮೊದಲೇ ದಿಪೋಟಿ ಸಾಹೇಬರು ತಪಾಸಣೆಗೆ ಬಂದರು. ದಿಪೋಟಿ ಎಂದರೆ ಸಾಲೆಗಳನ್ನು ನೋಡಿ ಮೇಲಕ್ಕೆ ಬರೆಯುವ ಅಧಿಕಾರಿ. ನಮ್ಮವರು ಪುಣೆಯ ಕಡೆಯವರು, ತಲೆಗೆ ಪಗಡಿ, ಕಾಲಿಗೆ ಬೂಟು, ಮೀಸೆ ಮಾತ್ರ ಎರಡಕ್ಕೂ ದೊಡ್ಡದು. ಮನೆಮಾತು ಮರಾಠಿ, ಆದರೆ ಕನ್ನಡ ಹಟ ಹಿಡಿದು ಕಲಿತಿದ್ದರು.

"ಎಲ್ಮ್‌ಫೋರ್ಡಿನ್ಯಾಗ ಚಳಿಗಾಲದಾಗ ಆಕಾಶದಿಂದ ಏನು ಬೀಳತದ?" ಎಂದು ಕೇಳಿದರು.

ಮುಂದಿನ ಸಾಲಿನ ಹುಡುಗ ಎದ್ದು ಹೇಳಿದ, "ಹತ್ತಿರಿ."

"ಹತ್ತಿ? ಅದನ್ನ ಏನು ಮಾಡ್ತಾರ?"

"ಗಾದಿ ತುಂಬ್ತಾರ್ರಿ."

ನಾನು ನೆಲ ನೋಡಿದೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ನೀಲವ್ವ ಎದ್ದಳು. "ಹತ್ತಿ ಅಲ್ರಿ, ಹತ್ತಿಗತೆ ಇರೂ ಬರ್ಫರಿ. ಹತ್ತಿ ಮಾಸ್ತರ ಮನೀದ್ರಿ." ಸಾಹೇಬರ ಮೀಸೆ ಅಲುಗಾಡಿತು. ಮೀಸೆ ಅಲುಗಿದರೆ ನಗು ಎಂದು ನನಗೆ ಆಮೇಲೆ ಗೊತ್ತಾಯಿತು.

"ಯಾವ ಇಯತ್ತೆ ನೀನು?"

"ನಾಕನೇದ್ರಿ."

"ಹೋದ ವರ್ಷ?"

"ಹೋದ ವರ್ಷನೂ ನಾಕನೇದ್ರಿ."

"ನಾಪಾಸೇನು?"

"ಪಾಸಾಗೀನ್ರಿ. ಇಲ್ಲಿ ಐದನೇದು ಇಲ್ಲಲ್ರಿ, ಅದಕ್ಕ ಇದ್ರಾಗ ಕುಂತೀನಿ. ಈ ವರ್ಷ ಒಂದ ಅಂತ ಅಪ್ಪ ಅಂದಾನ್ರಿ. ಮುಂದ ಸಾಲಿ ಬಿಡಸ್ತಾನ."

ಆಕೆ ಅದನ್ನು ದೂರಿನ ಹಾಗೆ ಹೇಳಲಿಲ್ಲ, ಮಳೆ ಇಲ್ಲ ಎಂದ ಹಾಗೆ ಹೇಳಿದಳು. ನಮ್ಮ ಸಾಲೆ ನಾಲ್ಕನೆಯ ಇಯತ್ತೆಗೆ, ಎಂದರೆ ನಾಲ್ಕನೆಯ ತರಗತಿಗೆ, ಮುಗಿಯುತ್ತಿತ್ತು. ಗಂಡುಹುಡುಗರಾದರೆ ಅಕ್ಕಲಕೋಟಕ್ಕೆ ಹೋಗಿ ಬೀಗರ ಮನೆಯಲ್ಲಿ ಇದ್ದು ಓದಿಯಾರು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನೀಲವ್ವನಂಥ ಇನ್ನೂ ಮೂರು ಹುಡುಗಿಯರು ಪಾಸಾದ ಪಾಠವನ್ನೇ ಮತ್ತೆ ಓದುತ್ತ ಕೂತಿದ್ದರು.

ಹೊರಗೆ ಬಂದು ಸಾಹೇಬರು ಕೋಲಿನಿಂದ ಮಣ್ಣು ಕೆದರುತ್ತ ನಿಂತರು. ಆಮೇಲೆ ಹೇಳಿದರು, "ಮಾಸ್ತರ, ಐದನೇ ಇಯತ್ತೆ ಕೊಡ್ರಿ ಅಂತ ನಾ ಬರೀಬಹುದು. ಆದರ ಮೇಲಿನವರು ಏನು ವಿಶೇಷ ಅಂತ ಕೇಳ್ತಾರ. ಹೊಸ ಪದ್ಧತಿ ಪ್ರಕಾರ ನಿಮ್ಮ ಊರಿನ ನಕಾಶೆ ಮಾಡಸ್ರಿ. ಮಕ್ಕಳೇ ಅಳೀಬೇಕು, ಮಕ್ಕಳೇ ತೆಗೀಬೇಕು. ಉತ್ತರ ದಿಕ್ಕು ಮೇಲೆ. ಮುಂದಿನ ಸಲ ಬಂದಾಗ ಕಂಡ್ರ ಬರೀತೀನಿ. ಮತ್ತ ಜಾಗಾದ್ದೂ ನೋಡ್ಕೋರಿ. ಪಾಟೀಲರು ಪಡಸಾಲೆ ಕೊಡೂತನಕ ಸಾಲಿ. ಕೊಡಲಿಲ್ಲ ಅಂದ್ರ ಐದನೇದೂ ಇಲ್ಲ, ಒಂದನೇದೂ ಇಲ್ಲ."

ಪಡಸಾಲೆ ಮಲ್ಲಪ್ಪ ಪಾಟೀಲರದು. ಊರಿನ ದಕ್ಷಿಣಕ್ಕೆ, ಹಳ್ಳದ ದಂಡೆಗೆ ಅವರ ವಾಡೆ, ಎಂದರೆ ದೊಡ್ಡ ಮನೆ. ದೊಡ್ಡ ಆಳು, ದೊಡ್ಡ ದನಿ, ಮನಸ್ಸು ಬೆಣ್ಣೆ, ಆದರೆ ಮಾನದ ಮಾತು ಬಂದರೆ ಅದೇ ಬೆಣ್ಣೆ ಕಾದ ಎಣ್ಣೆಯಾಗುತ್ತಿತ್ತು. ಊರಿನ ಉತ್ತರದ ಓಣಿಯಲ್ಲಿ ಶಿವಲಿಂಗಪ್ಪ ಸಾವುಕಾರರು, ಸೊಲ್ಲಾಪುರದ ಪೇಟೆಯಲ್ಲಿ ಅಡತಿ ಅಂಗಡಿ ಇದ್ದವರು. ಈಚೆಗೆ ಮಾಳಿಗೆ ಮೇಲೆ ಮಾಳಿಗೆ ಏರಿಸಿದ್ದರು. ಕಾರಹುಣ್ಣಿಮೆಗೆ ಯಾರ ಎತ್ತು ಮೊದಲು ಅಗಸಿ ಬಾಗಿಲು ದಾಟಬೇಕು, ಗುಡಿಯಲ್ಲಿ ಯಾರಿಗೆ ಮೊದಲು ವಿಭೂತಿ, ಎಲ್ಲದರಲ್ಲೂ ಇಬ್ಬರದೂ ಜಗ್ಗಾಟ. ಇಬ್ಬರೂ ಎದುರುಬದುರು ಸಿಕ್ಕರೆ ಮಾತ್ರ "ಬರ್ರಿ, ಹೋಗ್ರಿ" ಎಂದು ಸಕ್ಕರೆಯಂತೆ ಮಾತಾಡುತ್ತಿದ್ದರು. ಜಗಳಕ್ಕಿಂತ ಅದೇ ಹೆಚ್ಚು ಅಂಜಿಕೆ ಹುಟ್ಟಿಸುತ್ತಿತ್ತು.

ಬಾವಿಯ ಹಗ್ಗ ಹಿಡಿದು ಮಕ್ಕಳ ಜೊತೆ ಓಣಿ ಅಳೆಯಲು ಹೊರಟೆ. ಮೊದಲ ದಿನವೇ ಊರೆಲ್ಲ ಗುಲ್ಲು: "ಸರಕಾರದ ಮೋಜಣಿ ಬಂತು, ಕಂದಾಯ ಏರಸ್ತಾರ!" ಹಿತ್ತಲನ್ನು ಒಂದಿಷ್ಟು ಮುಂದೆ ಚಾಚಿದವರೆಲ್ಲ ರಾತ್ರೋರಾತ್ರಿ ಬೇಲಿ ಹಿಂದಕ್ಕೆ ಸರಿಸಿದರು. ಮರುದಿನ ಅಳೆದರೆ ಓಣಿ ಅಗಲವಾಗಿತ್ತು! ಪಾಟೀಲರೇ ಕಟ್ಟೆಯ ಮೇಲೆ ನಿಂತು, "ಹುಡುಗ್ರ ಆಟಾ ಅದು, ಸುಮ್ಮ ಇರ್ರಿ" ಎಂದು ಗದರಿ ಜನರನ್ನು ತಣ್ಣಗೆ ಮಾಡಿದರು. ಅಲ್ಲಿಗೆ ಅವರು ನಮ್ಮ ಪಕ್ಷ.

ಸೊಲ್ಲಾಪುರದ ಒರಟು ಮಾಂಜರಪಾಟು ಬಟ್ಟೆ ತರಿಸಿದೆ. ಕೆಮ್ಮಣ್ಣು, ಅರಿಸಿನ, ದೀಪದ ಕಾಡಿಗೆ, ಎಲೆಯ ರಸ, ಇವೇ ನಮ್ಮ ಬಣ್ಣ. ನೀಲವ್ವ ಹಣಮಪ್ಪನ ಗುಡಿಯನ್ನು ಕೆಮ್ಮಣ್ಣಿನಿಂದ ಬರೆದು, ಒಳಗೆ ದೇವರನ್ನೂ ಬಾಲದ ಸಮೇತ ಕೂರಿಸಿದಳು. "ನಕಾಶೆದಾಗ ದೇವರನ ಬರಿಯೂದಿಲ್ಲವ್ವ" ಎಂದೆ. "ಗುಡಿ ಬಾಗಲಾ ತಗದೀನಲ್ರಿ, ಒಳಗ ಕಾಣಬೇಕಲ್ಲ" ಎಂದಳು. ಹಣಮಪ್ಪ ಉಳಿದ.

ನಕಾಶೆಯನ್ನು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟೆವು. ಸಾಹೇಬರು ಬರುವುದಕ್ಕೆ ಎರಡು ದಿನ ಇತ್ತು. ಊರವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆ ಹುಡುಕಿ ಖುಷಿಪಟ್ಟು ಹೋದರು. ಸಂಜೆಗೆ ಶಿವಲಿಂಗಪ್ಪನವರು ಬಂದರು. ತಲೆ ಎತ್ತಿ ನೋಡಿದರು, ರುಮಾಲು ಸರಿಮಾಡಿಕೊಂಡರು.

"ಭಲೇ ಮಾಸ್ತರ! ನಮ್ಮ ಮನಿ ಎಷ್ಟ ಎತ್ತರಕ್ಕ ಐತಿ! ಕೈ ಎತ್ತಿದ್ರೂ ಮುಟ್ಟೂದಿಲ್ಲ. ಪಾಟೀಲರ ವಾಡೆ ನೋಡಬೇಕಂದ್ರ ಸ್ವಲ್ಪ ಬಗ್ಗಬೇಕಾಗತೈತಿ. ಬಗ್ಗೂಣಂತ, ಹಿರಿಯರ ಮನಿ ಅಲ್ಲಾ!"

ಈ ಮಾತು ಊರು ದಾಟಬೇಕಾಗಿರಲಿಲ್ಲ, ಒಂದು ಗೋಡೆ ದಾಟಿದರೆ ಸಾಕಿತ್ತು. ಪಾಟೀಲರು ಒಳಗಿನಿಂದ ಬಂದರು. ಅವರು ನೋಡಿದ್ದು ಇಷ್ಟು: ಉತ್ತರ ಮೇಲೆ ಇದ್ದುದರಿಂದ ಸಾವುಕಾರರ ಮನೆ ಬಟ್ಟೆಯ ನೆತ್ತಿಯಲ್ಲಿ. ತಮ್ಮ ವಾಡೆ ಬಟ್ಟೆಯ ಕೆಳ ಅಂಚಿಗೆ, ನೆಲಕ್ಕೆ ಹತ್ತಿರ. ಅಲ್ಲಿ ಹುಡುಗರು ಒರಗಿ ಕೂತು ಕೂತು, ಎಣ್ಣೆ ಹಚ್ಚಿದ ತಲೆಗಳ ಕಲೆ ವಾಡೆಯ ಮೇಲೆ ಮೂಡಿತ್ತು. ಅದರ ಕೆಳಗೆ ಸಾಲಾಗಿ ಚಪ್ಪಲಿಗಳು.

"ಮಾಸ್ತರ, ನಮ್ಮ ವಾಡೆ ಕೆಳಗ್ಯಾಕ?"

"ದಕ್ಷಿಣ ಕೆಳಗ ಬರತೈತ್ರಿ, ಪಾಟೀಲ್ರ. ಶಾಸ್ತ್ರ ಹಂಗೈತಿ."

"ದಕ್ಷಿಣ ಯಮನ ದಿಕ್ಕ. ನಮ್ಮನ್ನ ಯಮನ ಕಡೆ ಇಟ್ಟೀರಿ, ಚಪ್ಪಲಿ ಕಡೆನೂ ಇಟ್ಟೀರಿ. ಚಲೋ ಶಾಸ್ತ್ರ."

ನಾನು ಓಡಿಹೋಗಿ ಇಂಗ್ಲೆಂಡಿನ ನಕಾಶೆ ತಂದೆ. "ನೋಡ್ರಿ, ಬಾದಶಾಹನ ಅರಮನಿ ಇರೂ ಲಂಡನ್ನೂ ಕೆಳಗ ಐತಿ."

ಪಾಟೀಲರು ನೋಡಿ ತಲೆ ಆಡಿಸಿದರು. "ಅದಕ್ಕ ಅವರು ಆ ಊರ ಬಿಟ್ಟು ಇಲ್ಲಿಗೆ ಬಂದಾರ."

ಮತ್ತೆ ನಾನು ಏನೋ ಹೇಳಹೊರಟರೆ ಎಲ್ಮ್‌ಫೋರ್ಡಿನ ಪುಟವನ್ನೇ ತೆಗೆದು ನನ್ನ ಮೂಗಿಗೆ ಹಿಡಿದರು. "ನಿಮ್ಮ ಯಲ್ಲಮ್ಮನಪುರದ ಪಾಟೀಲನ ಬಂಗ್ಲೆ ಎಲ್ಲೈತಿ? ಮ್ಯಾಲ! ಅವರಿಗೊಂದ ಶಾಸ್ತ್ರ, ನಮಗೊಂದ?" ನಿಜಕ್ಕೂ ಆ ಹಾಳು ಬಂಗಲೆ ಉತ್ತರದ ದಿನ್ನೆಯ ಮೇಲೇ ಇತ್ತು. ನನ್ನ ಪುಸ್ತಕವೇ ನನ್ನ ಎದುರು ಸಾಕ್ಷಿ ಹೇಳಿತು.

"ತಿರುವಿ ಹಾಕ್ರಿ. ಇಲ್ಲಾಂದ್ರ ಸಾಹೇಬ್ರು ಬಂದಾಗ ಈ ಪಡಸಾಲಿಗೆ ಕೀಲಿ ಬಿದ್ದಿರತೈತಿ. ನನ್ನ ಮನ್ಯಾಗ ಕುಂತು ನನ್ನ ಮನೀನ ಕೆಳಗ ತೋರಸೂದು ನಡಿಯೂದಿಲ್ಲ."

ನಾನು ಇಕ್ಕಟ್ಟಿಗೆ ಸಿಕ್ಕೆ. ತಿರುವಿದರೆ ಸಾಹೇಬರು ಬರೆಯುವುದಿಲ್ಲ, ತಿರುವದಿದ್ದರೆ ಸಾಲೆಯೇ ಇಲ್ಲ. ಸಾಲೆ ಬಿಟ್ಟ ಮೇಲೆ ಬಟ್ಟೆಯನ್ನು ತಲೆಕೆಳಗೆ ಹಿಡಿದು ನೋಡಿದೆ. ಅಕ್ಷರಗಳೆಲ್ಲ ಕಾಲು ಮೇಲೆ ಮಾಡಿದವು, ಹಣಮಪ್ಪ ಬಾವಲಿಯ ಹಾಗೆ ಜೋತುಬಿದ್ದ. ನೀಲವ್ವ ಅದನ್ನು ನೋಡಿ ನಗಲಿಲ್ಲ. "ಐದನೇದು ಬರೂದಿಲ್ಲೇನ್ರಿ, ಮಾಸ್ತರ?" ಎಂದಳು. ನಾನು ಬಟ್ಟೆಯನ್ನು ಮೊದಲಿದ್ದ ಹಾಗೇ ತೂಗುಹಾಕಿದೆ.

ಸಾಹೇಬರು ಬರುವ ದಿನ ಮುಂಜಾನೆ ಪಾಟೀಲರು ಕೈಯಲ್ಲಿ ಕೀಲಿ ಹಿಡಿದೇ ಬಂದರು. ಗೋಡೆಯ ನಕಾಶೆಯನ್ನು ಜಗ್ಗಿದರು. ಮೊಳೆಗಳು ಟಣಟಣ ಉದುರಿದವು. ಬಟ್ಟೆಯನ್ನು ನೆಲಕ್ಕೆ ಬೀಸಿ ಒಗೆದರು. ಅದು ಪಡಸಾಲೆಯ ನಡುವೆ ಜಮಖಾನೆಯ ಹಾಗೆ ಅಗಲವಾಗಿ ಬಿಚ್ಚಿಕೊಂಡು ಬಿತ್ತು. ಅದನ್ನು ತುಳಿದುಕೊಂಡೇ ಹೊರಟುಹೋಗಲು ಕಾಲು ಎತ್ತಿದರು.

"ತುಳೀಬ್ಯಾಡ್ರಿ ಕಾಕಾ!" ನೀಲವ್ವ ಕಿರುಚಿದಳು. "ಹಣಮಪ್ಪ ಅದಾನ್ರಿ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಪಾಟೀಲರು ಬಗ್ಗಿ ನೋಡಿದರು. ಹೌದು, ಬಾಲದ ಸಮೇತ ಹಣಮಪ್ಪ. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡು ಎರಡೂ ಕೈಯಿಂದ ಕೆನ್ನೆ ಮುಟ್ಟಿಕೊಂಡರು. ದೇವರಿರುವ ಬಟ್ಟೆಯನ್ನು ದಾಟುವ ಹಾಗಿಲ್ಲ, ಬಾಗಿಲು ಆಚೆ ಕಡೆ. ಮಡಚಿ ಇಡೋಣ ಎಂದು ಕುಕ್ಕರಗಾಲಲ್ಲಿ ಕೂತರು. ಅವರು ಕೂತದ್ದು ದಕ್ಷಿಣದ ಕಡೆಗೆ. ಮೊಣಕಾಲಿನ ಮುಂದೆಯೇ ಅವರ ವಾಡೆ, ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹತ್ತಿರ. ಸಾವುಕಾರರ ಮನೆ ಎಲ್ಲೋ ದೂರ, ಆಚೆ ಅಂಚಿಗೆ, ನಿಜವಾದ ಅವರ ಓಣಿ ಇದ್ದ ದಿಕ್ಕಿಗೇ.

ಮಡಚಲು ಹೋದ ಕೈ ನಿಂತಿತು.

"ಇದು ನಮ್ಮ ಬಾಗಲಾ?"

"ಹೌದ್ರಿ."

"ಬಾಗಲದಾಗಿನ ಬೇವಿನ ಗಿಡ ಎಲ್ಲೈತಿ? ನಮ್ಮ ಮುತ್ಯಾ ಹಚ್ಚಿದ್ದು. ಅಷ್ಟ ದೊಡ್ಡ ಗಿಡ ಕಣ್ಣಿಗೆ ಕಾಣಲಿಲ್ಲೇನ್ರಲೇ ನಿಮಗ?"

ಒಬ್ಬ ಹುಡುಗ ಓಡಿಬಂದು ಎಲೆಯ ರಸದಿಂದ ಬೇವಿನ ಗಿಡ ಹಚ್ಚಿದ. ಪಾಟೀಲರ ಬೆರಳು ವಾಡೆಯ ಮಗ್ಗುಲಿನ ಹಳ್ಳದ ಆಚೆ ದಂಡೆಗೆ ಹೋಯಿತು. "ಇಲ್ಲಿ ಬರೇ ಹೊಲಾ ಬರದೀರಿ. ಮೊದಲ ಊರ ಇದ್ದದ್ದ ಇಲ್ಲಿ. ಹಳ್ಳ ಏರಿ ಬಂದು ಮನಿ ಎಲ್ಲಾ ಕೊಚ್ಚಿಕೊಂಡ ಹೋತು. ಆಗ ನಮ್ಮ ಹಿರಿಯರು ಈಚಿ ದಂಡಿಗೆ ಬಂದ್ರು. ಮೊದಲ ಗೂಟಾ ಬಡದದ್ದು ಇಲ್ಲಿ, ಈ ವಾಡೆದಾಗ."

"ಯಲ್ಲಮ್ಮನಪುರದ ಗತೆನ್ರಿ!" ಎಂದು ಮಕ್ಕಳು ಕೂಗಿದರು. ಊರು ಬಿಟ್ಟವರು, ಹಳ್ಳದ ಈಚೆಗೆ ಮತ್ತೆ ಕಟ್ಟಿದವರು! ನಾನು ತಿಂಗಳುಗಟ್ಟಲೆ ಹೇಳಿದರೂ ಅವರ ತಲೆಗೆ ಹತ್ತದ ಇತಿಹಾಸ ಎಂಬ ಮಾತು ಆ ಒಂದು ಗಳಿಗೆಯಲ್ಲಿ ಹತ್ತಿತು.

ಸಾಲೆಗೆ ಕೀಲಿ ಬಿತ್ತೋ ಇಲ್ಲವೋ ನೋಡಲು ಬಂದ ಶಿವಲಿಂಗಪ್ಪನವರು ಬಾಗಿಲಲ್ಲಿ ನಿಂತರು. ಒಳಗಿನ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ರುಮಾಲು ತೊಡೆಯ ಮೇಲಿಟ್ಟುಕೊಂಡು ಉತ್ತರದ ಕಡೆಗೆ ಕೂತರು, ತಮ್ಮ ಮನೆಯ ಎದುರಿಗೆ.

"ಗೂಟಾ ಬಡದದ್ದು ಖರೆ, ಪಾಟೀಲ್ರ. ಆದ್ರ ಬಾವಿ ತೋಡಿದವ್ರು ಯಾರು? ಇಲ್ಲಿ ನೋಡ್ರಿ, ನಮ್ಮ ಮನಿ ಮುಂದ. ನೀರಿಲ್ಲದ ಗೂಟಾ ಬಡದು ಏನ ಮಾಡ್ತಿದ್ರಿ?"

"ಆ ಬಾವಿ ನೀರ ಸವಳ. ಎಮ್ಮಿ ಸೈತ ಮೂಸೂದಿಲ್ಲ."

"ಅದನ್ನ ಕುಡದ ನೀವು ಇಷ್ಟ ದಪ್ಪ ಆಗೀರಿ!"

ಈ ರಂಗಿನಲ್ಲಿ ಸಾಹೇಬರು ಒಳಗೆ ಬಂದರು. ಖಾಲಿ ಗೋಡೆ ನೋಡಿದರು, ಮೀಸೆ ಗಟ್ಟಿಯಾಯಿತು. "ಕಾಯ್ ಮಾಸ್ತರ, ನಕಾಶೆ ಎಲ್ಲಿ?" ನಾನು ನೆಲಕ್ಕೆ ಬೆರಳು ತೋರಿಸಿದೆ.

"ನೆಲದ ಮೇಲೆ ಹಾಸಿದ್ರ ಉತ್ತರ ಹ್ಯಾಂಗ ತಿಳೀಬೇಕು?" ಎಂದವರೇ ಮಕ್ಕಳ ಕಡೆ ತಿರುಗಿದರು. "ಹೇಳ್ರಿ ನೋಡೋಣ. ಉತ್ತರ ಎಲ್ಲಿ?"

ಎಲ್ಲ ಮಕ್ಕಳೂ ಒಮ್ಮೆಲೇ ಕೈ ಚಾಚಿದರು, ಸಾವುಕಾರರ ಓಣಿಯ ಕಡೆಗೆ, ಗೋಡೆ ಒಡೆದು ಹೋಗುವಂತೆ ನೇರವಾಗಿ. ಸಾಹೇಬರು ಕೋಟಿನ ಕಿಸೆಯಿಂದ ದಿಕ್ಸೂಚಿ ತೆಗೆದರು. ಮುಳ್ಳು ನಡುಗಿ ನಡುಗಿ ನಿಂತಿತು. ಕೈಗಳೂ ಮುಳ್ಳೂ ಒಂದೇ ಕಡೆ.

ಸಾಹೇಬರು ದಿಕ್ಸೂಚಿಯನ್ನು ಕಿಸೆಗೆ ಹಾಕಿಕೊಂಡರು. "ನಿನ್ನೆ ಒಂದು ಊರಿಗೆ ಹೋಗಿದ್ದೆ" ಎಂದರು. "ಗೋಡೆ ಮೇಲೆ ಚಂದದ ನಕಾಶೆ. ಉತ್ತರ ಎಲ್ಲಿ ಅಂದೆ. ಎಲ್ಲಾ ಮಕ್ಕಳು ಕೈ ಮೇಲೆ ಮಾಡಿ ಮಾಳಿಗೆ ತೋರಿಸಿದ್ರು."

ಹತ್ತಿರದಿಂದ ನೋಡಲು ಮುಂದೆ ಬಂದರು. ಪಾಟೀಲರು ಕೈ ಅಡ್ಡ ಹಿಡಿದರು. "ಬೂಟ ಬಿಟ್ಟು ಬರ್ರಿ ಸಾಹೇಬ್ರ, ಹಣಮಪ್ಪ ಅದಾನ." ದಿಪೋಟಿ ಸಾಹೇಬರು ಬಾಗಿಲಿಗೆ ಹೋಗಿ ಬೂಟು ಬಿಚ್ಚಿ, ಕಾಲುಚೀಲದಲ್ಲಿ ಬಂದು ಊರಿನ ಪಶ್ಚಿಮಕ್ಕೆ ಕೂತರು. ನೀಲವ್ವ ಓಣಿ ಓಣಿ ತೋರಿಸುತ್ತ ಹೋದಳು, ಪಾಟೀಲರು ಆ ಕಡೆಯಿಂದ, ಸಾವುಕಾರರು ಈ ಕಡೆಯಿಂದ ತಿದ್ದುತ್ತ ಹೋದರು. ನನ್ನ ಪಾಠದಲ್ಲಿ ನನಗೇ ಬಾಯಿ ಹಾಕಲು ಜಾಗ ಸಿಗಲಿಲ್ಲ.

ಕೊನೆಗೆ ಸಾಹೇಬರು ಎದ್ದು ಮೊಣಕಾಲು ತಿಕ್ಕಿಕೊಂಡರು. "ಐದನೇ ಇಯತ್ತೆಗೆ ಬರೀತೀನಿ. ಆದರ ಪಾಟೀಲ, ಈ ಜಾಗಾ ಸಾಕಾಗೂದಿಲ್ಲ."

ಪಾಟೀಲರು ಕೈಯಲ್ಲಿದ್ದ ಕೀಲಿ ನೋಡಿದರು, ಮಕ್ಕಳನ್ನು ನೋಡಿದರು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಾಜೂ ಖೋಲ್ಯಾಗ ದನಕ್ಕ ಹಾಕೂ ಕಣಕಿ ತುಂಬೀನಿ. ನಾಳಿ ತಗಸ್ತೀನಿ. ಐದನೇದು ಅಲ್ಲಿ ಕುಂದರ್ಲಿ."

ಶಿವಲಿಂಗಪ್ಪನವರು ಥಟ್ಟನೆ ಎದ್ದರು. "ಬರೇ ನೆಲದ ಮ್ಯಾಲ ಕುಂದ್ರಸ್ತೀರೇನು? ಕುಂದರಾಕ ಬಾಕು ನಾ ಮಾಡಸ್ತೀನಿ. ಸಾಗವಾನಿದು."

"ಖೋಲಿ ನಂದು, ಬಾಕೂ ನಂದ ಇರ್ಲಿ."

"ಅದ್ಹ್ಯಾಂಗ ಆಗತೈತಿ? ಸಾಲಿ ಊರಿಂದು!"

ಇಬ್ಬರೂ ಬಟ್ಟೆಯ ಎರಡು ತುದಿಗೆ ನಿಂತು ದನಿ ಏರಿಸಿದರು. ನೀಲವ್ವ ಮಾತ್ರ ಆ ಗದ್ದಲದ ನಡುವೆ ಮೆಲ್ಲಗೆ ಪಕ್ಕದ ಕೋಣೆಯ ಬಾಗಿಲು ತಳ್ಳಿ, ಕಣಕಿಯ ರಾಶಿಯನ್ನು ಇಣುಕಿ ನೋಡುತ್ತಿದ್ದಳು. ನಾನು ಜಗಳ ಬಿಡಿಸಲು ಮುಂದಾದೆ. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ ಕೂತಿದ್ದ ಸಾಹೇಬರು ನನ್ನ ಧೋತರ ಹಿಡಿದು ಜಗ್ಗಿದರು.

"ಬಿಡ್ರಿ ಮಾಸ್ತರ, ಬಿಡ್ರಿ. ಇನ್ನೊಂದ ತಾಸು ಹಿಂಗ ನಡೀಲಿ. ಆರನೇದೂ ಬರತದ."